ವಿಕಿರಣ ಸುರಕ್ಷಾ ತಜ್ಞರೊಂದಿಗೆ ಪ್ರಶ್ನೋತ್ತರ: ಕಂಟೇನರ್ ತಪಾಸಣೆ

ಸದಸ್ಯರು, ವೈಟ್‌ಫೀಲ್ಡ್: ಮೇಡಂ, ನಮ್ಮ ಗ್ರಾನೈಟ್ ಕಂಟೇನರ್ ಬಂದರಿನ ವಿಕಿರಣ ಪತ್ತೆಹಚ್ಚುವ ಕಮಾನನ್ನು ದಾಟುವಾಗ ಅಲಾರಂ ಕೂಗಿತು. ಕಲ್ಲಿನಲ್ಲಿ ದೋಷವಿದೆಯೇ?

ತಜ್ಞೆ: ಅಷ್ಟಕ್ಕೇ ದೋಷವೆನ್ನಲಾಗದು. ಗ್ರಾನೈಟ್‌ನಲ್ಲಿ ಪೊಟ್ಯಾಸಿಯಂ-40, ಥೋರಿಯಂ ಎಂಬ ವಿಕಿರಣ ಸೂಸುವ ಧಾತುಗಳು ಸಹಜವಾಗಿಯೇ ಇರುತ್ತವೆ. ವಿಕಿರಣದ ಎಣಿಕೆ ಕಂಟೇನರಿನ ಉದ್ದಕ್ಕೂ ಒಂದೇ ಸಮ ಏರಿದರೆ ಅದು ಕಲ್ಲಿನ ಗುಣ. ಒಂದೆಡೆ ಮಾತ್ರ ಚೂಪಾಗಿ ಏರಿದರೆ ಅನುಮಾನಿಸಬೇಕು.

ಸದಸ್ಯರು, ಯಶವಂತಪುರ: ಎಕ್ಸ್‌ರೇ ಹಾಯಿಸಿದ ಬೇಳೆಕಾಳು ತಿನ್ನಬಹುದೇ?

ತಜ್ಞೆ: ತಿನ್ನಬಹುದು.

ಸದಸ್ಯರು, ಪೀಣ್ಯ: ಆಮದಾದ ಗುಜರಿಯಲ್ಲಿ ಬಿಂದಿಗೆ ಗಾತ್ರದ ಲೋಹದ ಉಂಡೆಯೊಂದು ಸಿಕ್ಕಿದೆ. ಮೂವರು ಸೇರಿ ಕಷ್ಟಪಟ್ಟು ಎತ್ತಿದೆವು. ತುಕ್ಕು ಕೆರೆದಾಗ ಹಳದಿ ಬಣ್ಣದ ಮೇಲೆ ಮೂರೆಸಳಿನ ಗುರುತು ಕಂಡಿತು. ನಾಳೆ ಗ್ಯಾಸ್ ಕಟರ್‌ನಿಂದ ಕತ್ತರಿಸಬಹುದಲ್ಲವೇ?

ತಜ್ಞೆ: ದಯವಿಟ್ಟು ಕತ್ತರಿಸಬೇಡಿ. ಆ ಮೂರೆಸಳಿನ ಗುರುತು ವಿಕಿರಣದ ಎಚ್ಚರಿಕೆ. ಗಾತ್ರಕ್ಕೆ ಮೀರಿದ ಆ ಭಾರ ಸೀಸದ ಕವಚದ್ದಿರಬಹುದು. ಕವಚವಿದ್ದರೆ ಒಳಗೆ ವಿಕಿರಣ ಮೂಲವೂ ಇರಬಹುದು. ಸೀಸವು ಗಾಮಾ ಕಿರಣಗಳನ್ನು ತಡೆಯುವುದರಿಂದ ಅದು ಕಮಾನಿನ ಕಣ್ಣು ತಪ್ಪಿಸಿರಬಹುದು, ಎಕ್ಸ್‌ರೇ ಚಿತ್ರದಲ್ಲಿ ಕಪ್ಪು ಮುದ್ದೆಯಾಗಿ ಕಂಡರೂ ಕಬ್ಬಿಣದ ರಾಶಿಯ ನಡುವೆ ಗುರುತು ಸಿಗದೇ ಹೋಗಿರಬಹುದು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಹಳೆಯ ಗಾಮಾ ಉಪಕರಣವೊಂದನ್ನು ಹೀಗೆಯೇ ಬಿಚ್ಚಿದಾಗ ವಿಕಿರಣ ಸೂಸುವ ಕೋಬಾಲ್ಟ್-60 ಹೊರಬಿದ್ದು ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಎಲ್ಲರನ್ನೂ ಈಗಲೇ ದೂರ ಕಳುಹಿಸಿ, ಅಂಗಳಕ್ಕೆ ಬೀಗ ಹಾಕಿ, 112ಕ್ಕೆ ಕರೆ ಮಾಡಿ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೂ ತಿಳಿಸಿ. ಯಾರು ಮುಟ್ಟಿದರು, ಎಷ್ಟು ಹೊತ್ತು ಹತ್ತಿರವಿದ್ದರು ಎಂಬುದನ್ನು ಬರೆದಿಡಿ.

ಸದಸ್ಯರು, ಜಯನಗರ: ಸಗಣಿ ಬಳಿದರೆ ವಿಕಿರಣ ನಿಲ್ಲುತ್ತದೆಂಬ ಸಂದೇಶ ಬಂದಿದೆ, ಹಂಚಿಕೊಂಡಿದ್ದೇನೆ.

ತಜ್ಞೆ: ಅಳಿಸಿ. ಅದನ್ನು ನಂಬಿ ಬಳಿಯಲು ಹೋದವರ ಕೈಯೇ ಮೊದಲು ಸುಡುತ್ತದೆ.

ಸದಸ್ಯರು, ಹೆಬ್ಬಾಳ: ತಪಾಸಣೆಯಿಂದ ತಡವಾದರೆ ಡೆಮರೇಜ್ (ತಡದ ಶುಲ್ಕ) ಯಾರು ಕಟ್ಟಬೇಕು?

ಸದಸ್ಯರು, ಚಾಮರಾಜಪೇಟೆ: ಸ್ಫೋಟಕ ಹುಡುಕಲು ಯಂತ್ರಕ್ಕಿಂತ ನಾಯಿಯೇ ಮೇಲು.

ಸದಸ್ಯರು, ವೈಟ್‌ಫೀಲ್ಡ್: ಮುಚ್ಚಿದ ಉಕ್ಕಿನ ಪೆಟ್ಟಿಗೆಯಿಂದ ವಾಸನೆ ಹೊರಗೆ ಬರಬೇಡವೇ?

ಸದಸ್ಯರು, ಚಾಮರಾಜಪೇಟೆ: ಒಳಗಿನ ಗಾಳಿಯನ್ನು ಎಳೆದು ನಾಯಿಗೆ ಮೂಸಿಸುತ್ತಾರೆ. ತಿಳಿಯದೆ ವಾದಿಸಬೇಡಿ.

ಸದಸ್ಯರು, ವೈಟ್‌ಫೀಲ್ಡ್: ನಾಯಿ ದಣಿದ ಮೇಲೆ ನೀವು ಮೂಸುತ್ತೀರಾ?

ತಜ್ಞೆ: ಎರಡೂ ಬೇಕು. ಎರಡು ಶಕ್ತಿಮಟ್ಟದ ಎಕ್ಸ್‌ರೇ ಸಾವಯವ ವಸ್ತುವನ್ನು ಲೋಹದಿಂದ ಬೇರ್ಪಡಿಸಿ ತೋರಿಸುತ್ತದೆ, ಆದರೆ ಸಕ್ಕರೆಗೂ ಸ್ಫೋಟಕಕ್ಕೂ ಒಂದೇ ಬಣ್ಣ ಕೊಡಬಹುದು. ಜಗಳ ನಿಲ್ಲಿಸಿ.

ಸದಸ್ಯರು, ರಾಜಾಜಿನಗರ: ಸ್ಕ್ಯಾನ್ ಆದ ಅಕ್ಕಿ ತಿನ್ನಬಹುದೇ?

ತಜ್ಞೆ: ಮೇಲೆ ಓದಿ. ಪೀಣ್ಯದವರು ಎಲ್ಲಿದ್ದೀರಿ?

ಸದಸ್ಯರು, ಪೀಣ್ಯ: ಬೀಗ ಹಾಕಿದ್ದೇವೆ, ಪೊಲೀಸರು ಬಂದಿದ್ದಾರೆ. ತುಕ್ಕು ಕೆರೆದ ಹುಡುಗನ ಅಂಗೈ ಕೆಂಪಾಗಿದೆ ಮೇಡಂ.

ತಜ್ಞೆ: ಅವನನ್ನು ಈ ಕ್ಷಣವೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ; ಆ ಗುರುತಿನ ಚಿತ್ರವನ್ನು ವೈದ್ಯರಿಗೆ ತೋರಿಸಿ.