ವಿಂಡೋಸ್‌ನಲ್ಲೇ ಇರುವ ವಿಪಿಎನ್‌ನಿಂದ ಆಫೀಸಿನ ಫೈರ್‌ವಾಲ್‌ಗೆ ಕನೆಕ್ಟ್ ಆಗುತ್ತಿಲ್ಲ, ಎರರ್ 13801

ಪ್ರಶ್ನೆ (ಶಿರಸಿಯಿಂದ)

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಒಂದು ಸಣ್ಣ ಆಫೀಸಿನ ಲೆಕ್ಕಪತ್ರ ನಾನು ನೋಡಿಕೊಳ್ಳುತ್ತೇನೆ. ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ, ಹಾಗಾಗಿ ಎರಡು ತಿಂಗಳು ಊರಿನಿಂದಲೇ ಕೆಲಸ. ಟ್ಯಾಲಿ ಇರುವುದು ಆಫೀಸಿನಲ್ಲಿ. 20ನೇ ತಾರೀಖಿನೊಳಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು.

ಆಫೀಸಿನಲ್ಲಿ ಪಿಎಫ್‌ಸೆನ್ಸ್ ಫೈರ್‌ವಾಲ್ (ನೆಟ್‌ವರ್ಕಿನ ಕಾವಲುಗಾರ) ಇದೆ. ಹೊರಗಿನಿಂದ ಆಫೀಸಿನ ನೆಟ್‌ವರ್ಕ್ ಸೇರಲು ಬೇರೆ ಸಾಫ್ಟ್‌ವೇರ್ ಬೇಡ, ವಿಂಡೋಸ್ 11ರ ವಿಪಿಎನ್ ಸಾಕು ಎಂದು ಆಫೀಸಿನವರು ಅಂದರು. ವಿಪಿಎನ್ ವಿಧಗಳಲ್ಲಿ ಐಕೆಇವಿ2 ಆರಿಸಿದೆ. ಅವರು ಕಳಿಸಿದ ಸರ್ಟಿಫಿಕೇಟ್ ಮೇಲೆ ಡಬಲ್ ಕ್ಲಿಕ್ ಮಾಡಿ, ನೆಕ್ಸ್ಟ್ ನೆಕ್ಸ್ಟ್ ಒತ್ತಿ ಇನ್‌ಸ್ಟಾಲ್ ಮಾಡಿದೆ. ಕನೆಕ್ಟ್ ಒತ್ತಿದರೆ 'ಐಕೆಇ ಅಥೆಂಟಿಕೇಶನ್ ಕ್ರೆಡೆನ್ಷಿಯಲ್ಸ್ ಆರ್ ಅನ್‌ಆಕ್ಸೆಪ್ಟಬಲ್' ಎಂದು ಬರುತ್ತದೆ. ಪಾಸ್‌ವರ್ಡ್ ಹತ್ತು ಸಲ ನೋಡಿ ನೋಡಿ ಹಾಕಿದೆ. ಏನು ಮಾಡಲಿ?

ಉತ್ತರ 1

ಪಾಸ್‌ವರ್ಡ್ ಬಿಡಿ, ಅದು ತಪ್ಪಾಗಿದ್ದರೆ ಸಾಮಾನ್ಯವಾಗಿ 691 ಬರುತ್ತದೆ. 13801 ಬಂದರೆ ಮೊದಲು ಸರ್ಟಿಫಿಕೇಟ್ ನೋಡಬೇಕು. ನೀವು ನೆಕ್ಸ್ಟ್ ಒತ್ತಿದಿರಲ್ಲ, ಎಡವಟ್ಟು ಆಗಿದ್ದು ಅಲ್ಲೇ ಇರಬೇಕು. ಮೊದಲ ಪರದೆಯಲ್ಲಿ 'ಕರೆಂಟ್ ಯೂಸರ್' ಟಿಕ್ ಆಗಿರುತ್ತದೆ. ಐಕೆಇವಿ2 ಅಲ್ಲಿ ಹುಡುಕುವುದೇ ಇಲ್ಲ. 'ಲೋಕಲ್ ಮಷೀನ್' ಆರಿಸಿ. ಮುಂದಿನ ಪರದೆಯಲ್ಲಿ ಬ್ರೌಸ್ ಒತ್ತಿ 'ಟ್ರಸ್ಟೆಡ್ ರೂಟ್ ಸರ್ಟಿಫಿಕೇಶನ್ ಅಥಾರಿಟೀಸ್' ಒಳಗೆ ಹಾಕಿ.

ಇನ್ನೊಂದು. ಸರ್ವರ್ ಅಡ್ರೆಸ್ ಜಾಗದಲ್ಲಿ ಹೆಸರು ಹಾಕಿದ್ದೀರಾ, ಐಪಿ ನಂಬರಾ? ಫೈರ್‌ವಾಲ್‌ನ ಸರ್ಟಿಫಿಕೇಟಿನಲ್ಲಿ ಏನಿದೆಯೋ ಅದನ್ನೇ ಹಾಕಬೇಕು. ಬೇರೆ ಇದ್ದರೂ ಇದೇ ಎರರ್.

ಉತ್ತರ 2

ಇಷ್ಟೆಲ್ಲ ಯಾಕೆ? ಪಿಪಿಟಿಪಿ ಎಂಬ ಹಳೆಯ ವಿಪಿಎನ್ ವಿಧ ಹಾಕಿಕೊಡಿ ಅನ್ನಿ. ಸರ್ಟಿಫಿಕೇಟ್ ಗೋಜೇ ಇಲ್ಲ.

ಉತ್ತರ 1

ದಯವಿಟ್ಟು ಬೇಡ. ಪಿಪಿಟಿಪಿಯಲ್ಲಿ ಪಾಸ್‌ವರ್ಡ್ ಪರೀಕ್ಷಿಸುವ ಎಂಎಸ್-ಚಾಪ್ ವಿ2 ಎಂಬ ವಿಧಾನವನ್ನು ಒಡೆಯಬಹುದು ಎಂದು 2012ರಲ್ಲೇ ತೋರಿಸಿದ್ದಾರೆ. ಆಪಲ್ 2016ರಲ್ಲಿ ಐಓಎಸ್ 10 ಮತ್ತು ಮ್ಯಾಕ್‌ಓಎಸ್ ಸಿಯೆರಾದಿಂದ ಪಿಪಿಟಿಪಿಯನ್ನು ತೆಗೆದೇ ಹಾಕಿತು. ಇವರ ಐಕೆಇವಿ2ನಲ್ಲೂ ಒಳಗೆ ಬಹುಶಃ ಅದೇ ಚಾಪ್ ಇರುತ್ತದೆ. ಆದರೆ ಇಲ್ಲಿ ಫೈರ್‌ವಾಲ್ ಮೊದಲು ಸರ್ಟಿಫಿಕೇಟ್ ತೋರಿಸಿ ತಾನು ಯಾರೆಂದು ಸಾಬೀತು ಮಾಡುತ್ತದೆ. ಪಾಸ್‌ವರ್ಡ್ ಮಾತು ಆಮೇಲೆ, ಅದೂ ಎನ್‌ಕ್ರಿಪ್ಟ್ ಆದ ದಾರಿಯಲ್ಲಿ. ಲೆಕ್ಕದ ಪುಸ್ತಕ ಹೋಗಿ ಬರುವ ದಾರಿ ಅದು, ಅಲ್ವಾ?

ಪ್ರಶ್ನೆ ಕೇಳಿದವರು

ಕನೆಕ್ಟ್ ಆಯಿತು! ಲೋಕಲ್ ಮಷೀನ್‌ದೇ ತೊಂದರೆ. ಆದರೆ ಆಫೀಸಿನ ಸರ್ವರ್ 192.168.1.10 ತೆರೆಯುತ್ತಿಲ್ಲ. ಅದೇ ನಂಬರನ್ನು ಬ್ರೌಸರ್‌ನಲ್ಲಿ ಹಾಕಿದರೆ ನಮ್ಮ ಮನೆಯ ಪ್ರಿಂಟರ್‌ನ ಪುಟ ಬಂತು, ಕಪ್ಪು ಇಂಕ್ ಎಷ್ಟು ಉಳಿದಿದೆ ಎಂದು ತೋರಿಸುತ್ತಿದೆ.

ಉತ್ತರ 3

ಆ ಪ್ರಿಂಟರೇ ಉತ್ತರ ಹೇಳಿಬಿಟ್ಟಿದೆ. ಮನೆಯಲ್ಲೂ ನಂಬರ್ 192.168.1 ಎಂದೇ ಶುರು, ಆಫೀಸಿನಲ್ಲೂ 192.168.1. ಆ ನಂಬರ್ ಪಕ್ಕದ ಕೋಣೆಯಲ್ಲೇ ಇದೆ ಎಂದುಕೊಂಡು ಲ್ಯಾಪ್‌ಟಾಪ್ ವಿಪಿಎನ್ ಕಡೆ ಹೋಗುವುದೇ ಇಲ್ಲ. ಮನೆಯ ರೂಟರ್‌ನ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಅಡ್ರೆಸ್ಸನ್ನು 192.168.57.1 ಮಾಡಿ, ರೂಟರ್, ಲ್ಯಾಪ್‌ಟಾಪ್, ಪ್ರಿಂಟರ್ ಎಲ್ಲ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಟ್ಯಾಲಿ ಡೇಟಾವನ್ನು ವಿಪಿಎನ್ ಮೇಲೆ ನೇರವಾಗಿ ತೆರೆಯಬೇಡಿ. ತುಂಬಾ ನಿಧಾನ, ಮಧ್ಯೆ ಲೈನ್ ಹೋದರೆ ಡೇಟಾ ಕೆಡಬಹುದು. ಆಫೀಸಿನ ನಿಮ್ಮ ಕಂಪ್ಯೂಟರಿಗೆ ರಿಮೋಟ್ ಡೆಸ್ಕ್‌ಟಾಪ್ ಮಾಡಿ (ಅದರ ಪರದೆಯನ್ನೇ ಮನೆಯಿಂದ ನೋಡಿ ನಡೆಸುವುದು), ಅಲ್ಲೇ ಟ್ಯಾಲಿ ತೆರೆಯಿರಿ.

ಪ್ರಶ್ನೆ ಕೇಳಿದವರು

ರಾತ್ರಿ ಅಮ್ಮ ಮಲಗಿದ ಮೇಲೆ ರೂಟರ್‌ನ ಅಡ್ರೆಸ್ ಬದಲಿಸಿದೆ. ಬೆಳಿಗ್ಗೆ ರಿಮೋಟ್ ಡೆಸ್ಕ್‌ಟಾಪ್ ಒಂದೇ ಸಲಕ್ಕೆ ಬಂತು. ಆಫೀಸಿನ ನನ್ನ ಪರದೆ, ಹೋದ ವಾರ ತೆರೆದಿಟ್ಟಿದ್ದ ಖರೀದಿ ರಿಜಿಸ್ಟರ್ ಹಾಗೇ ಇತ್ತು. ನಡುವೆ ಕರೆಂಟ್ ಹೋಗಿ ವಿಪಿಎನ್ ಕಡಿಯಿತು. ಮತ್ತೆ ಸೇರಿದಾಗ ಅರ್ಧ ಟೈಪ್ ಮಾಡಿದ್ದ ವೋಚರ್ ಕೂಡ ಅಲ್ಲೇ ಇತ್ತು. ನಿಮಗೆಲ್ಲ ತುಂಬಾ ಥ್ಯಾಂಕ್ಸ್.