ಮಳೆ ಬರದಿದ್ದರೂ ‘ಬಂದರೆ’ ಅನ್ನುವ ವಾಕ್ಯ ನಿಜ ಹೇಗೆ? ತರ್ಕಶಾಸ್ತ್ರ ಓದಿದವರು ಹೇಳಿ

ಗುಮ್ಮಟದೂರು:
ನಮಸ್ಕಾರ. ನಾನು ವಿಜಯಪುರದವನು, ಬಿ.ಎ. ಮುಗಿದು ಎರಡು ವರ್ಷ ಆಯಿತು. ಹಗಲು ಕಿರಾಣಿ ಅಂಗಡಿ, ರಾತ್ರಿ ಊಟ ಆದಮೇಲೆ ಒಂದು ತಾಸು ಲಾಜಿಕ್. ಯಾವ ಪರೀಕ್ಷೆಗೂ ಅಲ್ಲ, ಇಷ್ಟ ಅಂತ ಓದುತ್ತೇನೆ. ಮುಂದೆ ಭಾಷೆಯ ತತ್ವಶಾಸ್ತ್ರ ಓದುವ ಆಸೆ ಜಾಸ್ತಿ ಇದೆ. ಆದರೆ ಸತ್ಯ ಕೋಷ್ಟಕದಲ್ಲಿ (ಭಾಗಗಳು ನಿಜವೋ ಸುಳ್ಳೋ ನೋಡಿ ಇಡೀ ವಾಕ್ಯ ನಿಜವೋ ಸುಳ್ಳೋ ಹೇಳುವ ಪಟ್ಟಿ) ಒಂದು ವಾರದಿಂದ ಸಿಕ್ಕಿಕೊಂಡಿದ್ದೇನೆ. ‘ಹೀಗಾದರೆ ಹಾಗೆ’ ಅನ್ನುವ ವಾಕ್ಯದಲ್ಲಿ ಮೊದಲ ಭಾಗ ಸುಳ್ಳಾದರೆ ಇಡೀ ವಾಕ್ಯ ನಿಜ ಅಂತೆ. ಹೇಗೆ? ಕಾಲೇಜಿನಲ್ಲಿ ಕೇಳಿದಾಗ ಸುಮ್ನೆ ಬಾಯಿಪಾಠ ಮಾಡು ಅಂದಿದ್ದರು. ಇನ್ನೊಂದು, ಲಾಜಿಕ್ ಪೂರ್ತಿ ಮುಗಿಸಿಯೇ ಭಾಷೆಯ ಕಡೆ ಹೋಗಬೇಕಾ?

ಹಿಂಗಾರಿ ಜೋಳ:
ಬಾಯಿಪಾಠ ಬೇಡ. ನಮ್ಮದು ಸಿಂದಗಿ ಕಡೆ ಹೊಲ. ‘ಈ ವಾರ ಮಳೆ ಬಂದರೆ ಬಿತ್ತುತ್ತೇನೆ’ ಅಂತ ಅಪ್ಪ ಹೇಳಿದರು ಅನ್ನಿ. ಮಳೆ ಬಂತು, ಬಿತ್ತಿದರು. ಮಾತು ಉಳಿಯಿತು. ಮಳೆ ಬಂತು, ಕೂರಿಗೆ ಕೊಟ್ಟಿಗೆಯ ಮೂಲೆಯಲ್ಲೇ ಇತ್ತು. ಮಾತು ತಪ್ಪಿದರು. ಮಳೆಯೇ ಬರಲಿಲ್ಲ, ಬಿತ್ತಲೂ ಇಲ್ಲ. ಆಗ ಅಪ್ಪ ಸುಳ್ಳು ಹೇಳಿದರು ಅನ್ನುತ್ತೀರಾ? ಇಲ್ಲ ಅಲ್ವಾ. ಮಳೆ ಬರದಿದ್ದರೂ ಬೋರ್‌ವೆಲ್ ನೀರು ಹಾಯಿಸಿ ಬಿತ್ತಿದರು ಅಂದುಕೊಳ್ಳಿ, ಆಗಲೂ ಮಾತು ತಪ್ಪಿಲ್ಲ, ಯಾಕಂದ್ರೆ ಅವರು ‘ಬಂದರೆ ಮಾತ್ರ’ ಅಂದಿರಲಿಲ್ಲ. ನಾಲ್ಕು ಸಾಲಲ್ಲಿ ಸುಳ್ಳು ಒಂದೇ ಕಡೆ.

ಘಟಪ್ರಭಾ ದಂಡೆ:
ಮೇಲಿನ ಉತ್ತರ ಸರಿ, ಆದರೆ ಅದು ಎಲ್ಲ ಕಡೆ ನಡೆಯುವುದಿಲ್ಲ. ‘ಮಳೆ ಬಂದಿದ್ದರೆ ಬಿತ್ತುತ್ತಿದ್ದೆ’ ಅನ್ನಿ. ಮಳೆ ಬಂದಿಲ್ಲ, ಹಾಗಾಗಿ ಕೋಷ್ಟಕದ ಪ್ರಕಾರ ಇದು ನಿಜ. ‘ಮಳೆ ಬಂದಿದ್ದರೆ ಹೊಲ ಮಾರುತ್ತಿದ್ದೆ’ ಅನ್ನುವುದೂ ನಿಜ! ಇದನ್ನು ಯಾವ ರೈತ ಒಪ್ಪುತ್ತಾನೆ? ಕನ್ನಡ ಈ ವ್ಯತ್ಯಾಸವನ್ನು ಕ್ರಿಯಾಪದದಲ್ಲೇ ಇಟ್ಟುಕೊಂಡಿದೆ ನೋಡಿ, ‘ಬಂದರೆ’ ಬೇರೆ, ‘ಬಂದಿದ್ದರೆ’ ಬೇರೆ. ಈ ಎರಡನೆಯ ಬಗೆಯ ವಾಕ್ಯಕ್ಕೆ 1968ರಲ್ಲಿ ಸ್ಟಾಲ್ನೇಕರ್, 1973ರಲ್ಲಿ ಡೇವಿಡ್ ಲೂಯಿಸ್ ಅನ್ನುವ ಅಮೆರಿಕದ ತತ್ವಶಾಸ್ತ್ರಜ್ಞರು ಬೇರೆಯೇ ದಾರಿ ಹುಡುಕಿದರು: ಮಳೆ ಬಂದಿದ್ದು, ಉಳಿದದ್ದೆಲ್ಲ ಆದಷ್ಟು ನಮ್ಮ ಲೋಕದಂತೆಯೇ ಇರುವ ಇನ್ನೊಂದು ಲೋಕದಲ್ಲಿ ಏನಾಗುತ್ತಿತ್ತು ಅಂತ ಕೇಳುವುದು. ನನಗೆ ಲಾಜಿಕ್ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿ.

ಬೆಳ್ಳಿ ಮೂಡೋ ಹೊತ್ತು:
ಎರಡನೆಯ ಪ್ರಶ್ನೆಗೆ: ಕಾಯಬೇಡಿ. ಕೋಷ್ಟಕ ಮುಗಿಸಿ, ‘ಎಲ್ಲ’, ‘ಕೆಲವು’ ಬರುವ ಪರಿಮಾಣಕಗಳನ್ನು ಗಟ್ಟಿ ಮಾಡಿಕೊಳ್ಳಿ. ಆಮೇಲೆ ಜರ್ಮನಿಯ ತರ್ಕಶಾಸ್ತ್ರಜ್ಞ ಫ್ರೇಗೆ 1892ರಲ್ಲಿ ಅರ್ಥದ ಬಗ್ಗೆ ಬರೆದ ಪ್ರಬಂಧ ಹಿಡಿಯಿರಿ. ಅವನ ಪ್ರಶ್ನೆ ನಿಮ್ಮ ಊರಲ್ಲೇ ಇದೆ. ‘ಬಿಜಾಪುರವೇ ಬಿಜಾಪುರ’ ಅಂದರೆ ಯಾರಿಗೂ ಹೊಸದೇನೂ ತಿಳಿಯುವುದಿಲ್ಲ. ‘ಬಿಜಾಪುರವೇ ವಿಜಯಪುರ’ ಅಂದರೆ, 2014ರ ನವೆಂಬರ್ 1ರಂದು ಹೆಸರು ಬದಲಾದದ್ದು ಗೊತ್ತಿಲ್ಲದವನಿಗೆ ಹೊಸ ವಿಷಯ. ಊರು ಒಂದೇ, ಹಾಗಿದ್ದರೆ ಎರಡನೆಯ ವಾಕ್ಯದಲ್ಲಿ ಹೆಚ್ಚಿಗೆ ಏನಿದೆ? ಫ್ರೇಗೆ ಇದನ್ನು ಶುಕ್ರ ಗ್ರಹ ಇಟ್ಟುಕೊಂಡು ಕೇಳಿದ, ಬೆಳಗಿನ ಚುಕ್ಕಿ, ಸಂಜೆಯ ಚುಕ್ಕಿ ಅಂತ, ಎರಡೂ ಅದೇ ಗ್ರಹ. ನಮ್ಮ ಅಜ್ಜಿ ‘ಬೆಳ್ಳಿ ಮೂಡ್ತು, ಏಳು’ ಅಂತ ಎಬ್ಬಿಸುತ್ತಿದ್ದದ್ದು ಅದೇ ಚುಕ್ಕಿ ನೋಡಿ. ಸಂಜೆ ಪಡುವಣದಲ್ಲಿ ಕಂಡಾಗ ಅದನ್ನು ಅವರು ಬೆಳ್ಳಿ ಅಂದದ್ದು ನಾನು ಕೇಳಿಲ್ಲ.

ಗುಮ್ಮಟದೂರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಿತ್ತನೆ ಉದಾಹರಣೆ ಓದಿ ನಾಲ್ಕೂ ಸಾಲು ನಾನೇ ಬರೆದೆ, ನೋಡದೆ. ಇವತ್ತು ಅಂಗಡಿಗೆ ಮಾಲು ಬಂದಾಗ ಹುಡುಗ ‘ಎಲ್ಲಾ ಚೀಲ ಬಂದಿಲ್ಲ’ ಅಂದ. ಒಂದೂ ಬಂದಿಲ್ಲವಾ, ಕೆಲವು ಬಂದಿಲ್ಲವಾ? ಕೇಳಿದೆ. ‘ಎರಡು ಕಡಿಮೆ’ ಅಂದ. ‘ಇಲ್ಲ’ವನ್ನು ‘ಎಲ್ಲ’ದ ಒಳಗೆ ಇಟ್ಟರೆ ಒಂದು ಅರ್ಥ, ಹೊರಗೆ ಇಟ್ಟರೆ ಇನ್ನೊಂದು. ಬಿಲ್ಲಿನ ಹಿಂದೆ ಎರಡನ್ನೂ ಚಿಹ್ನೆಯಲ್ಲಿ ಬರೆದಿದ್ದೇನೆ, ರಾತ್ರಿ ಇಲ್ಲಿ ಹಾಕುತ್ತೇನೆ, ತಪ್ಪಿದ್ದರೆ ತಿದ್ದಿ.