ಒಂದೇ ಓಲೆಗೆ ಎರಡು ಬೆಲೆ ಯಾಕೆ? ಹರಳು ಪರೀಕ್ಷಕರಿಗೆ ಪ್ರಶ್ನೆಗಳು

ಪ್ರಶ್ನೆ (ಶಿವಮೊಗ್ಗದ ಸದಸ್ಯೆ): ಸಾರ್, ನಮ್ಮತ್ತೆಯವರ ಏಳು ಹರಳಿನ ವಜ್ರದ ಓಲೆ ನನ್ನ ಹತ್ತಿರ ಇದೆ. ಮಗಳ ಮದುವೆಗೆ ಅದನ್ನು ಕೊಟ್ಟು ಹೊಸದು ತಗೊಳ್ಳೋಣ ಅಂತ ಎರಡು ಅಂಗಡಿಯಲ್ಲಿ ತೋರಿಸಿದೆ. ಒಬ್ಬರು ಹೇಳಿದ್ದರಲ್ಲಿ ಅರ್ಧವನ್ನೂ ಇನ್ನೊಬ್ಬರು ಹೇಳಲಿಲ್ಲ. ಚಿನ್ನಕ್ಕಾದರೆ ದಿನಾ ಪೇಪರಿನಲ್ಲಿ ರೇಟು ಬರುತ್ತೆ. ವಜ್ರಕ್ಕೆ ಬೆಲೆ ಕಟ್ಟೋರು ಯಾರು?

ಉತ್ತರ (ಹರಳು ಪರೀಕ್ಷಕ, ಬೆಂಗಳೂರು): ಅಕ್ಕಾ, ಸದ್ಯಕ್ಕೆ ಆ ಓಲೆಯನ್ನು ಯಾರಿಗೂ ಕೊಡಬೇಡಿ. ಹಳೆಯ ಓಲೆಗಳಲ್ಲಿ ಹಿಂಬದಿ ಮುಚ್ಚಿರುತ್ತೆ, ಹರಳಿನ ಕೆಳಗೆ ಹೊಳೆಯುವ ತಗಡು ಇಟ್ಟಿರುತ್ತಾರೆ. ಹಾಗೆ ಕಟ್ಟಿದ ಹರಳಿನ ಬಣ್ಣವೂ ತೂಕವೂ ಮೇಲಿನಿಂದ ನೋಡಿದರೆ ಬರೀ ಅಂದಾಜು. ಒಬ್ಬರು ಧೈರ್ಯ ಮಾಡಿ ಹೇಳಿದ್ದಾರೆ, ಇನ್ನೊಬ್ಬರು ತಮಗೆ ನಷ್ಟ ಆಗದ ಹಾಗೆ ಹೇಳಿದ್ದಾರೆ.

ಬೆಲೆ ಕಟ್ಟೋ ವಿಷಯಕ್ಕೆ ಬರ್ತೀನಿ. ವ್ಯಾಪಾರಿಗಳ ಕೈಯಲ್ಲಿ 1978ರಿಂದ ನಡೆದುಬಂದ ರ‍್ಯಾಪಪೋರ್ಟ್ ಪಟ್ಟಿ ಇರುತ್ತೆ. ತೂಕ, ಬಣ್ಣ, ಶುದ್ಧತೆ ನೋಡಿ ಅದರಲ್ಲಿ ಕ್ಯಾರೆಟ್ಟಿಗೆ ಇಷ್ಟು ಡಾಲರ್ ಅಂತ ಬರೆದಿರುತ್ತಾರೆ. ಅದರ ಮೇಲೆ ಇಷ್ಟು ಪರ್ಸೆಂಟ್ ಕಡಿಮೆ ಅಂತ ಚೌಕಾಶಿ ನಡೆಯುತ್ತೆ. ಬಣ್ಣವನ್ನು ಡಿ ಅಕ್ಷರದಿಂದ ಜೆಡ್ ತನಕ ಅಳೀತಾರೆ. ಡಿ ಅಂದರೆ ಬಣ್ಣವೇ ಇಲ್ಲದ್ದು, ಮುಂದೆ ಹೋದಂತೆ ಹಳದಿ ಏರುತ್ತೆ. ಶುದ್ಧತೆಯನ್ನು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪಿನಲ್ಲಿ ನೋಡ್ತಾರೆ.

ಹೆಚ್ಚಿನವರು ಎಡವೋದು ತೂಕದಲ್ಲಿ. ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ಅದರಲ್ಲಿ 100 ಸೆಂಟ್. ನಿಮ್ಮ ಎರಡು ಓಲೆಯ ಹದಿನಾಲ್ಕು ಹರಳು ಸೇರಿ ಒಂದೂವರೆ ಕ್ಯಾರೆಟ್ ಬಂತು ಅಂತಿಟ್ಟುಕೊಳ್ಳಿ. ಒಂದೂವರೆ ಕ್ಯಾರೆಟ್ಟಿನ ಒಂಟಿ ಹರಳಿನ ಬೆಲೆ ಅದಕ್ಕೆ ಬರಲ್ಲ, ಹತ್ತಿರಕ್ಕೂ ಬರಲ್ಲ. ದೊಡ್ಡ ಹರಳು ಸಿಗೋದು ಅಪರೂಪ, ಹಾಗಾಗಿ ತೂಕ ಏರಿದಂತೆ ಕ್ಯಾರೆಟ್ ಮೇಲಿನ ದರವೇ ಏರುತ್ತೆ. ಏರೋದೂ ಮೆಟ್ಟಿಲಿನ ಹಾಗೆ. 96 ಸೆಂಟಿನ ಹರಳನ್ನೂ 101 ಸೆಂಟಿನದನ್ನೂ ಪಕ್ಕಪಕ್ಕ ಇಟ್ಟರೆ ಬರಿಗಣ್ಣಿಗೆ ವ್ಯತ್ಯಾಸ ಕಾಣಲ್ಲ, ದರ ಮಾತ್ರ ಬೇರೆ ಮೆಟ್ಟಿಲಿನದು.

ಆಮೇಲೆ ಕಟ್, ಅಂದರೆ ಹರಳನ್ನು ಉಜ್ಜಿ ಕೊಟ್ಟ ಆಕಾರ. ನಾನು ಮೊದಲು ನೋಡೋದೇ ಇದನ್ನು. ಹೊಟ್ಟೆಯಲ್ಲಿ ತೂಕ ಉಳಿಸಿಕೊಂಡ ಹರಳು ತಕ್ಕಡಿಯಲ್ಲಿ ಭಾರ, ಬೆರಳಿನ ಮೇಲೆ ಚಿಕ್ಕದು, ನಡುವೆ ಮಂಕು. ಕ್ಯಾರೆಟ್ ಲೆಕ್ಕದಲ್ಲಿ ಆ ಹೊಟ್ಟೆಗೂ ನೀವೇ ದುಡ್ಡು ಕೊಡ್ತೀರಿ.

ಓಲೆಯನ್ನು ನಿಮಗೆ ಗೊತ್ತಿರುವ ಅಕ್ಕಸಾಲಿಗರ ಹತ್ತಿರ ಒಯ್ದು, ಎದುರಿಗೇ ಕೂತು ಹರಳು ಬಿಡಿಸಿ ತೂಗಿಸಿ. ಹರಳಿನ ಕೆಳಗಿನ ತುತ್ತತುದಿಯಲ್ಲಿ ಚೂಪಿನ ಬದಲು ಚಿಕ್ಕ ಚಪ್ಪಟೆ ಚುಕ್ಕೆ ಇದೆಯಾ ನೋಡಿ ಬರೆಯಿರಿ.

ಪ್ರಶ್ನೆ (ಮೈಸೂರಿನ ಸದಸ್ಯರು): ನಮ್ಮಮ್ಮ ಯಾವಾಗಲೂ 'ಬ್ಲೂ ಜಾಗರ್ ಹರಳೇ ಬೇಕು' ಅಂತಿದ್ದರು. ಅದಕ್ಕೆ ಬೆಲೆ ಜಾಸ್ತಿಯಾ?

ಉತ್ತರ: ದಕ್ಷಿಣ ಭಾರತದಲ್ಲಿ ಜಾಸ್ತಿ ಕೇಳ್ತಾರೆ ಸಾರ್. ಆ ಹೆಸರು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೈನ್ ಗಣಿಯಿಂದ ಬಂದದ್ದು. ಬಿಸಿಲಿನಲ್ಲಿ ತುಸು ನೀಲಿ ಛಾಯೆ ಬೀರುವ ಹರಳುಗಳು ಅವು. ನೇರಳಾತೀತ ಬೆಳಕು ಬಿಟ್ಟರೆ ನೀಲಿಯಾಗಿ ಬೆಳಗುತ್ತವೆ. ವಿಚಿತ್ರ ಅಂದರೆ, ಒಳ್ಳೆಯ ಬಣ್ಣದ ಹರಳಿನಲ್ಲಿ ಇದೇ ಗುಣ ಜೋರಾಗಿದ್ದರೆ ಹೊರದೇಶದ ವ್ಯಾಪಾರದಲ್ಲಿ ಬೆಲೆ ಇಳಿಸ್ತಾರೆ. ಹೆಸರು ಕೇಳಿ ದುಡ್ಡು ಕೊಡಬೇಡಿ. ಹರಳನ್ನು ಅಂಗಡಿಯ ದೀಪದಿಂದ ಹೊರಗೆ ತಂದು ಹಗಲು ಬೆಳಕಿನಲ್ಲಿ ನೋಡಿ.

ಪ್ರಶ್ನೆ (ದಾವಣಗೆರೆಯ ಸದಸ್ಯರು): ಲ್ಯಾಬ್‌ನಲ್ಲಿ ಬೆಳೆದದ್ದು ಅಂದಿದ್ದರು, ಪೆನ್ ಟೆಸ್ಟರ್ 'ಡೈಮಂಡ್' ಅಂತ ತೋರಿಸಿತು. ಹಾಗಾದರೆ ಅಸಲಿಯೇ ತಾನೆ?

ಉತ್ತರ: ವಜ್ರವೇ ಹೌದು. ಅದೂ ಇಂಗಾಲವೇ, ಶಾಖವನ್ನು ಹಾಗೆಯೇ ಹಾಯಿಸುತ್ತೆ. ಆ ಪೆನ್ ನೋಡೋದು ಶಾಖ ಹಾಯೋದನ್ನು ಮಾತ್ರ. ಗಣಿಯದೋ ಲ್ಯಾಬಿನದೋ ಅಂತ ಅದಕ್ಕೆ ಗೊತ್ತಾಗಲ್ಲ, ಅದಕ್ಕೆ ಪ್ರಯೋಗಾಲಯದ ವರದಿಯೇ ಬೇಕು. ಬೆಲೆಯ ಮಾತು ಬೇರೆ. ಬೇಕಾದಷ್ಟು ಬೆಳೆಸಬಹುದಾದ್ದರಿಂದ ಕೆಲವೇ ವರ್ಷಗಳಲ್ಲಿ ದರ ಪಾತಾಳಕ್ಕೆ ಇಳಿಯಿತು. ಇಷ್ಟಪಟ್ಟು ಹಾಕಿಕೊಳ್ಳೋಕೆ ತಗೊಳ್ಳಿ, ಆಪತ್ತಿಗೆ ಆಗುತ್ತೆ ಅಂತ ತಗೊಳ್ಳಬೇಡಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯೆ): ಜ್ಯೋತಿಷಿಗಳು ಐದು ರತ್ತಿ ಮಾಣಿಕ್ಯ ಹಾಕಿಕೊಳ್ಳಿ ಅಂದರು. ಒಂದು ಕಡೆ 3,000 ರೂಪಾಯಿ, ಇನ್ನೊಂದು ಕಡೆ ಲಕ್ಷದ ಮೇಲೆ. ಎರಡೂ 'ಒರಿಜಿನಲ್' ಅಂತಾರೆ!

ಉತ್ತರ: ಬಣ್ಣದ ಹರಳಿಗೆ ವಜ್ರದ ಹಾಗೆ ಎಲ್ಲರೂ ಒಪ್ಪಿದ ಪಟ್ಟಿ ಇಲ್ಲಮ್ಮ. ಮೊದಲು ಬಣ್ಣ, ಆಮೇಲೆ ಹರಳಿಗೆ ಏನು ಮಾಡಿದ್ದಾರೆ ಅನ್ನೋದು, ಆಮೇಲೆ ಯಾವ ನೆಲದ್ದು ಅನ್ನೋದು. ಕಾಯಿಸಿ ಬಣ್ಣ ಹೆಚ್ಚಿಸಿದ ಮಾಣಿಕ್ಯ ಮಾರುಕಟ್ಟೆಯಲ್ಲಿ ಸಾಮಾನ್ಯ, ಹೇಳಿ ಮಾರಿದರೆ ತಪ್ಪಿಲ್ಲ. ಕಾಯಿಸದ ಬರ್ಮಾದ ಮೊಗೊಕ್ ಹರಳಿನ ದರ್ಜೆಯೇ ಬೇರೆ. 2015ರಲ್ಲಿ ಜಿನೀವಾದಲ್ಲಿ ಅಂಥದ್ದೊಂದು, 25.59 ಕ್ಯಾರೆಟ್ಟಿನದು, 3 ಕೋಟಿ ಡಾಲರಿಗೂ ಮೇಲೆ ಹರಾಜಾಯಿತು. ಊರಿನ ಹೆಸರೊಂದೇ ಸಾಲದು. ನಮ್ಮ ಮೈಸೂರು ಸೀಮೆಯಲ್ಲಿ ಸಿಗೋದೂ ನಿಜವಾದ ಮಾಣಿಕ್ಯವೇ. ಗುಂಡಗೆ ಉಜ್ಜಿದರೆ ಕೆಲವದರಲ್ಲಿ ಆರು ಕಾಲಿನ ನಕ್ಷತ್ರವೂ ಮೂಡುತ್ತೆ. ಆದರೆ ಬೆಳಕು ಹಾಯದ ಮಂದ ಹರಳು, ಬೆಲೆ ಕಡಿಮೆ.

ನಿಮ್ಮ 3,000 ರೂಪಾಯಿಯದು ಬಿರುಕಿಗೆ ಸೀಸದ ಗಾಜು ತುಂಬಿದ ಹರಳು ಇರಬಹುದು. ಲೂಪಿನಲ್ಲಿ ತಿರುಗಿಸಿ ನೋಡಿದರೆ ಒಳಗೆ ಗುಳ್ಳೆ, ಬಿರುಕಿನುದ್ದಕ್ಕೂ ನೀಲಿ ಮಿಂಚು ಕಾಣುತ್ತೆ. ಅಂಥ ಉಂಗುರ ಹಾಕಿಕೊಂಡು ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುತ್ತಾ ಬಂದರೆ ಆ ಗಾಜು ಸವೆದು ಮೇಲೆಲ್ಲ ಬಿಳಿ ಗೆರೆ ಏಳುತ್ತೆ. ಇನ್ನೊಂದು, ರತ್ತಿ ಅಂದರೆ ಮೂಲದಲ್ಲಿ ಗುಲಗಂಜಿ ತೂಕ, ಈಗ ಅಂಗಡಿಗೊಂದು ಲೆಕ್ಕ. ಬಿಲ್ಲಿನಲ್ಲಿ ಕ್ಯಾರೆಟ್ ಬರೆಸಿ. 'ಕಾಯಿಸಿದ್ದು' ಅಥವಾ 'ಗಾಜು ತುಂಬಿದ್ದು' ಅನ್ನೋದನ್ನೂ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ಶಿವಮೊಗ್ಗದ ಸದಸ್ಯೆ (ನಾಲ್ಕು ದಿನದ ನಂತರ): ಸಾರ್, ಒಂದು ಓಲೆ ಬಿಡಿಸಿದೆವು. ತಗಡು ಕಪ್ಪಾಗಿತ್ತು. ಏಳೂ ಸೇರಿ 68 ಸೆಂಟ್. ನೀವು ಹೇಳಿದ ಚುಕ್ಕೆ ಎಲ್ಲದರಲ್ಲೂ ಇದೆ.

ಉತ್ತರ: ಒಳ್ಳೆಯದಾಯಿತು ಅಕ್ಕಾ. ಆ ಚುಕ್ಕೆ ಹಳೆಯ ಕಾಲದ ಕಟ್ಟಿಂಗಿನ ಗುರುತು. ಕಡಿಮೆ ಹೇಳಿದವರು ಕಪ್ಪು ತಗಡನ್ನೇ ಹರಳಿನ ಬಣ್ಣ ಅಂದುಕೊಂಡಿರಬಹುದು. ಹೊಸ ಮಾದರಿಗೆ ಮತ್ತೆ ಕಟ್ ಮಾಡಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಇಷ್ಟು ಚಿಕ್ಕ ಹರಳಿನಲ್ಲಿ ತೂಕ ಕಳಕೊಳ್ತೀರಿ. ತಗಡು ಬದಲಿಸಿ ಅಲ್ಲೇ ಕೂರಿಸಿ ಮಗಳಿಗೆ ಕೊಡಿ. ಇನ್ನೊಂದು ಓಲೆ ಬಿಡಿಸೋ ಮೊದಲು ಯಾವ ಹರಳು ಯಾವ ಜಾಗದ್ದು ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಕೈಯಲ್ಲಿ ಕಟ್ ಮಾಡಿದ ಹರಳು ಒಂದರ ಜಾಗಕ್ಕೆ ಇನ್ನೊಂದು ಸರಿಯಾಗಿ ಕೂರಲ್ಲ.